ರಾಣಿಕೆರೆಯ ನಾಲ್ಕನೇ ಬದಿ

ನಮ್ಮೂರಿನ ರಾಣಿಕೆರೆಯನ್ನು ನಾನೂರು ವರ್ಷಗಳ ಹಿಂದೆ ಕಾರ್ಕಳದ ಕಡೆಯ ಒಬ್ಬ ಜೈನ ರಾಣಿ ತನ್ನ ಸ್ನಾನಕ್ಕೆಂದು ಕಟ್ಟಿಸಿದಳು. ಊರಿನಲ್ಲಿ ಎಲ್ಲರೂ ಹೀಗೆಯೇ ನಂಬಿದ್ದರು. ನಾನು ಉಡುಪಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಜಾತಕ, ವಾಸ್ತು, ಮಂತ್ರಿಸಿದ ನೂಲು ಯಾವುದನ್ನೂ ನಂಬುವುದಿಲ್ಲ. ಇದನ್ನು ಮಾತ್ರ ನಂಬಿದ್ದೆ. ಕೆರೆ ಕಣ್ಣೆದುರಿಗೇ ಇತ್ತು. ಕೆರೆ ಇದ್ದ ಮೇಲೆ ರಾಣಿಯೂ ಇದ್ದಿರಬೇಕು ಎಂದು ನನಗೂ ಅನ್ನಿಸಿತ್ತು.

ಕಾಪುವಿಗೂ ಕಾರ್ಕಳಕ್ಕೂ ನಡುವೆ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಇಲ್ಲಿಯ ಪಂಚಾಯತ್ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೆ ಸಾಕು, ಮುಂದೆ ಹೇಳುವಂಥ ಪ್ರಸಂಗಗಳು ತಾವಾಗಿಯೇ ಆಗುತ್ತವೆ. ಅದಕ್ಕೆಂದು ಯಾರೂ ಕಷ್ಟಪಡಬೇಕಾಗಿಲ್ಲ. ಎರಡು ವರ್ಷ ನಾನು ಅವುಗಳ ನಡುವೆ ಕುಳಿತಿದ್ದೆ, ಬಹುಪಾಲು ಪ್ಲಾಸ್ಟಿಕ್ ಕುರ್ಚಿಯ ಮೇಲೆ.

ಒಂದು ಕುರ್ಚಿ, ಮೂರು ಖಾನೆ

ಗ್ರಾಮಸಭೆಗೆ ನಾನು ಹೋದದ್ದು ಬೀದಿದೀಪದ ದೂರು ಹೇಳಲು. ಹೊರಗೆ ಬರುವಾಗ ರಾಣಿಕೆರೆ ಸಂರಕ್ಷಣಾ ಸಮಿತಿಯ ಸದಸ್ಯೆಯಾಗಿದ್ದೆ. ದೀಪ ಇನ್ನೂ ಉರಿದಿಲ್ಲ.

ನನ್ನ ಹೆಸರು ಸೂಚಿಸಿದವರು ಪಂಚಾಯತ್ ಅಧ್ಯಕ್ಷರು. ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಎನ್ನುವವರಲ್ಲ. ಹಾಗಾಗಿ ಅವರ ಕಾಲದಲ್ಲಿ ಎಲ್ಲ ಕೆಲಸಗಳೂ ಶುರುವಾಗಿವೆ.

"ಟೀಚರು ಇದ್ದಾರಲ್ಲ, ಡಾಕ್ಟರೇಟ್ ಆದವರು," ಎಂದರು.

"ನನ್ನದು ಕೆಮಿಸ್ಟ್ರಿ," ಎಂದೆ.

"ಡಾಕ್ಟರೇಟ್ ಅಲ್ವಾ ಟೀಚರೇ, ಯಾವುದರಲ್ಲಾದರೆ ಎಂತ? ಚರಿತ್ರೆ ಅದಕ್ಕಿಂತ ಸುಲಭ."

ಪಿಡಿಒ ಗದಗದ ಕಡೆಯವರು. ಸಮುದ್ರವನ್ನು ಮೊದಲ ಸಲ ನೋಡಿದ್ದು ನೌಕರಿಗೆ ಸೇರಿದ ವಾರ. ಅವರ ಕೈಯಲ್ಲಿ ಸುತ್ತೋಲೆ ಇತ್ತು. "ಸಮಿತ್ಯಾಗ ಒಬ್ಬರು ಮಹಿಳೆ ಬೇಕ್ರಿ, ಒಬ್ಬರು ತಜ್ಞರು ಬೇಕ್ರಿ, ಒಬ್ಬರು ಸಾರ್ವಜನಿಕರು ಬೇಕ್ರಿ," ಎಂದು ಓದಿದರು. ಓದಿ ತಲೆ ಎತ್ತಿ ನನ್ನನ್ನು ನೋಡಿದರು. ಮೂರೂ ಖಾನೆಗಳಲ್ಲಿ ಒಂದೇ ಹೆಸರು ಬರೆಯುವ ಯೋಗ ಸರ್ಕಾರಿ ನೌಕರನಿಗೆ ದಿನಾ ಬರುವುದಿಲ್ಲ. ಅವರ ಮುಖದಲ್ಲಿ ಕಂಡದ್ದು ನಿಜವಾದ ಸಂತೋಷ.

ಇನ್ನೊಬ್ಬ ಸದಸ್ಯರಾಗಿ ಪಂಚಾಯತ್ ಆಫೀಸಿನ ಎದುರು ದಿನಸಿ ಅಂಗಡಿ ಇಟ್ಟಿರುವ ಹಾಜಿಯವರನ್ನು ಸೇರಿಸಿದರು. ಹಾಜಿಯವರು ಸೌದಿಯಲ್ಲಿ ಹದಿನೆಂಟು ವರ್ಷ ದುಡಿದು ಬಂದವರು. ಮಾತಿಗೆ ಹೆಚ್ಚು ಸಮಯ ಕೊಡುವುದಿಲ್ಲ.

"ನಾನು ಎಂತ ಆಗಿ ಇರುವುದು?" ಎಂದು ಕೇಳಿದರು.

"ನೀವು ಇರಲೇಬೇಕು ಹಾಜಿಯವರೇ," ಎಂದರು ಅಧ್ಯಕ್ಷರು. "ಸೌಹಾರ್ದ."

"ಆಯ್ತು. ಆದರೆ ಸೌಹಾರ್ದ ಐದೂವರೆಗೆ ಎದ್ದು ಹೋಗ್ತದೆ. ಅದು ಗಿರಾಕಿ ಬರುವ ಹೊತ್ತು."

ಸ್ವಚ್ಛ ಮಾಡಿದ ಜಾಗದ ಸ್ವಚ್ಛತೆ

ಕೆರೆಯನ್ನು ನೋಡದವರಿಗಾಗಿ ಹೇಳುತ್ತೇನೆ. ಚೌಕಾಕಾರ, ಕೆಂಪುಕಲ್ಲು, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ತಳದಲ್ಲಿ ಹಸಿರು ನೀರು, ಏಪ್ರಿಲ್‌ನಲ್ಲೂ ಬತ್ತುವುದಿಲ್ಲ. ಮೂರು ಬದಿಗೆ ರಸ್ತೆ ಮತ್ತು ಪಂಚಾಯತ್ ಜಾಗ. ನಾಲ್ಕನೇ ಬದಿಯಲ್ಲಿ ಮಲ್ಲಿಗೆ ಅಕ್ಕನ ಹಿತ್ತಿಲು.

ಮಲ್ಲಿಗೆ ಅಕ್ಕನಿಗೆ ಬೇರೆ ಹೆಸರು ಉಂಟು, ಆದರೆ ಅದು ಪಡಿತರ ಚೀಟಿಯಲ್ಲಿ ಮಾತ್ರ. ನಲವತ್ತು ಮಲ್ಲಿಗೆ ಗಿಡ ಸಾಕಿದ್ದಾರೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಒಂಬತ್ತರ ಒಳಗೆ ಕಳಿಸಬೇಕು. ಗಂಡ ತೀರಿಹೋಗಿ ವರ್ಷಗಳಾಗಿವೆ. ಮನೆಯಲ್ಲಿ ಇರುವವರು ಅವರು ಮತ್ತು ಎಂಬತ್ತು ದಾಟಿದ ಮಾವ. ಬೇಸಿಗೆಯಲ್ಲಿ ಅವರ ಬಾವಿಯ ತಳ ಕಾಣುತ್ತದೆ. ಆಗ ಕೆರೆಗೆ ಪಂಪು ಇಟ್ಟು ನೀರು ಬಿಡದಿದ್ದರೆ ಗಿಡ ಇಲ್ಲ. ಗಿಡ ಇಲ್ಲದಿದ್ದರೆ ಆ ಮನೆಗೆ ಬೇರೆ ಏನೂ ಇಲ್ಲ.

ಸಮಿತಿಯ ಮೊದಲ ಕಾರ್ಯಕ್ರಮ ಶ್ರಮದಾನ. ತಾಲೂಕಿನಿಂದ ಅತಿಥಿಗಳು ಬರುವವರಿದ್ದರು. ಹಿಂದಿನ ದಿನ ಅಧ್ಯಕ್ಷರು ಬಂದು ನೋಡಿ ಗಾಬರಿಯಾದರು.

"ಇಷ್ಟು ಗಲೀಜು ಇದ್ದರೆ ಶ್ರಮದಾನ ಮಾಡುವುದು ಹೇಗೆ ಮಾರಾಯ್ರೆ? ಅತಿಥಿಗಳು ಜಾರಿ ಬಿದ್ದರೆ?"

ಕೂಡಲೇ ಇಬ್ಬರು ಆಳುಗಳನ್ನು ಕರೆಸಿ ಪಾಚಿ ಕೆರೆಸಿ, ಹುಲ್ಲು ಕಡಿಸಿ, ಮೆಟ್ಟಿಲು ತೊಳೆಸಿದರು. ಮರುದಿನ ಬೆಳಿಗ್ಗೆ ಅತಿಥಿಗಳು, ಸದಸ್ಯರು, ಸ್ವಸಹಾಯ ಸಂಘದ ಹೆಂಗಸರು, ಎಲ್ಲರೂ ಪೊರಕೆ ಹಿಡಿದು ನಿಂತರು. ಗುಡಿಸಲು ಒಂದು ಕಡ್ಡಿಯೂ ಇರಲಿಲ್ಲ.

ಪಿಡಿಒ ಕ್ಯಾಮೆರಾ ಹಿಡಿದು ಹತಾಶರಾಗಿ ನಿಂತಿದ್ದರು. "ಕಸ ಇಲ್ದ ಫೋಟೋ ಹೆಂಗ ಅಪ್ಲೋಡ್ ಮಾಡ್ಲಿ ಮೇಡಂ? ಮೊದಲು, ನಂತರ ಅಂತ ಎರಡು ಕೇಳ್ತದ."

ಆಗ ಯಾರೋ ಮಲ್ಲಿಗೆ ಅಕ್ಕನ ಹಿತ್ತಿಲಿನ ಮೂಲೆ ತೋರಿಸಿದರು. ಗಿಡಗಳ ಬುಡಕ್ಕೆ ಹಾಕಲು ಅವರು ವಾರಗಟ್ಟಲೆ ಗುಡ್ಡೆ ಮಾಡಿಟ್ಟ ತರಗೆಲೆ ಅಲ್ಲಿತ್ತು. ನಾಲ್ಕು ಬುಟ್ಟಿ ತಂದು ಮೆಟ್ಟಿಲ ಮೇಲೆ ಹರಡಿ ಒಂದು ಫೋಟೋ ತೆಗೆದರು. ಎಲ್ಲರೂ ಗುಡಿಸಿದ ಮೇಲೆ ಇನ್ನೊಂದು ತೆಗೆದರು. ಬಳಿಕ ಪಂಚಾಯತ್ ವಾಹನ ಬಂದು ತರಗೆಲೆಯನ್ನೆಲ್ಲ ತುಂಬಿಕೊಂಡು ಹೋಯಿತು.

ಹೂ ಕಳಿಸಿ ಬಂದ ಅಕ್ಕ ಖಾಲಿ ಮೂಲೆ ನೋಡಿ ನನ್ನ ಹತ್ತಿರ ಬಂದರು. "ಟೀಚರೇ, ಕೆರೆಯಲ್ಲಿ ಇದ್ದ ಕಸ ನೀವು ನಿನ್ನೆ ತೆಗೆದಿರಿ. ಇವತ್ತು ತೆಗೆದದ್ದು ನನ್ನ ಗೊಬ್ಬರ."

ವರದಿಯಲ್ಲಿ ಅದು ಸಾರ್ವಜನಿಕರ ಕೊಡುಗೆ ಎಂದು ದಾಖಲಾಗಿದೆ.

ಭಾವನಾತ್ಮಕ ಸಂಬಂಧ

ಮಣಿಪಾಲದಿಂದ ವಾಸ್ತುಶಿಲ್ಪ ಓದುವ ಹತ್ತು ಹನ್ನೆರಡು ವಿದ್ಯಾರ್ಥಿಗಳು ಬಂದರು. ಯಾರ ಊರೂ ಇಲ್ಲಿಂದ ಸಾವಿರ ಕಿಲೋಮೀಟರಿನ ಒಳಗಿಲ್ಲ. ಡ್ರೋನ್ ತಂದಿದ್ದರು, ಟೇಪು ತಂದಿದ್ದರು, ಬಿಸಿಲಿಗೆ ಹಚ್ಚುವ ಕ್ರೀಮು ತಂದಿದ್ದರು. ಕೆಲಸ ಚೆನ್ನಾಗಿಯೇ ಮಾಡಿದರು, ಅದನ್ನು ಹೇಳಬೇಕು. ನಾಲ್ಕೂ ಬದಿ ಅಳೆದದ್ದು ನಮ್ಮೂರಿನ ಚರಿತ್ರೆಯಲ್ಲಿ ಅವರೇ ಮೊದಲು. ಇದು ಮುಂದೆ ಮುಖ್ಯವಾಗುತ್ತದೆ.

ಒಬ್ಬ ಹುಡುಗಿಗೆ ಊರಿನವರನ್ನು ಮಾತಾಡಿಸುವ ಪ್ರಶ್ನಾವಳಿ ಕೊಟ್ಟಿದ್ದರು. ಅನುವಾದಕ್ಕೆ ನಾನು. ಮಲ್ಲಿಗೆ ಅಕ್ಕ ಮೊಗ್ಗು ಕಟ್ಟುತ್ತಾ ಜಗಲಿಯಲ್ಲಿ ಕುಳಿತಿದ್ದರು.

"ಈ ನೀರಿನ ಜೊತೆ ನಿಮ್ಮ ಭಾವನಾತ್ಮಕ ಸಂಬಂಧ ಎಂಥದ್ದು ಅಂತ ಕೇಳ್ತಾಳೆ," ಎಂದೆ.

ಅಕ್ಕ ಯೋಚಿಸಿದರು. "ಅರ್ಧ ಎಚ್‌ಪಿ."

ಹುಡುಗಿ ಬರೆದುಕೊಂಡಳು. ಏನು ಬರೆದಳೋ ನಾನು ನೋಡಲು ಹೋಗಲಿಲ್ಲ.

ಅಷ್ಟರಲ್ಲಿ ಕೆರೆಯ ಕಡೆಯಿಂದ ಕೂಗು ಕೇಳಿತು. ಹುಡುಗರು ಕುಣಿಯುತ್ತಿದ್ದರು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರ, ಒಂಬತ್ತು ಇಂಚು. ಅರ್ಧ ಇಂಚೂ ವ್ಯತ್ಯಾಸ ಇಲ್ಲ. ನೂರಾರು ವರ್ಷ ಹಿಂದಿನವರಿಗೆ ಇಷ್ಟು ನಿಖರವಾದ ಅಳತೆ ತಿಳಿದಿತ್ತು ಎಂದು ಅವರಿಗೆ ರೋಮಾಂಚನ. ನನಗೂ ಸ್ವಲ್ಪ ಆಯಿತು.

ಜಗಲಿಯ ಇನ್ನೊಂದು ತುದಿಯಲ್ಲಿ ಅಕ್ಕನ ಮಾವ, ಅಂದರೆ ಊರಿಗೆಲ್ಲ ಅಜ್ಜ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಕೆರೆಯನ್ನು ಅವರು ಎಂದೂ ಕೆರೆ ಎನ್ನುವುದಿಲ್ಲ, ಹೊಂಡ ಎನ್ನುತ್ತಾರೆ. ನಾನು ಎರಡು ಮೂರು ಸಲ ಮೆಲ್ಲಗೆ ತಿದ್ದಿದ್ದೆ, "ಅಜ್ಜ, ಅದು ಐತಿಹಾಸಿಕ ಕೆರೆ" ಎಂದು. ಅವರು ಆಯ್ತು ಎನ್ನುತ್ತಿದ್ದರು. ಮರುದಿನ ಮತ್ತೆ ಹೊಂಡ.

"ಎಂತ ಅವರ ಗಲಾಟೆ?" ಎಂದು ಕೇಳಿದರು.

"ಎಲ್ಲ ಮೆಟ್ಟಿಲೂ ಒಂಬತ್ತು ಇಂಚಂತೆ ಅಜ್ಜ."

"ಒಂಬತ್ತಲ್ಲದೆ ಮತ್ತೆಷ್ಟು ಇರ್ಬೇಕು?" ಎಂದು ಎಲೆ ಬಾಯಿಗೆ ಹಾಕಿಕೊಂಡರು.

ಅಜ್ಜ ಏನಂದರು ಎಂದು ಹುಡುಗಿ ಕೇಳಿದಳು. ಅಜ್ಜನಿಗೆ ಇದು ಹೊಸ ವಿಷಯವಲ್ಲ ಎಂದು ಹೇಳಿದೆ. ಎರಡು ತಿಂಗಳ ಮೇಲೆ ದಪ್ಪ ವರದಿ ಬಂತು. ಅದರಲ್ಲಿ ಒಂದು ಸಾಲು: ಈ ಪ್ರಾಚೀನ ಪ್ರಮಾಣಜ್ಞಾನ ಸ್ಥಳೀಯ ಹಿರಿಯರಲ್ಲಿ ಇಂದಿಗೂ ಜೀವಂತವಾಗಿದೆ.

ನಾನೂರು

ಕೆರೆಗೊಂದು ಬೋರ್ಡು ಬೇಕು ಎಂದಾಯಿತು. ಬೋರ್ಡಿಗೆ ಚರಿತ್ರೆ ಬೇಕು. ಇರುವ ಆಧಾರ ಒಂದೇ, ಶಾಲೆಯ ಹಳೆಯ ಸ್ಮರಣ ಸಂಚಿಕೆ. ಅದರಲ್ಲಿ ಬೇರೆ ಊರಿನಿಂದ ಬಂದಿದ್ದ ಹೆಡ್ಮಾಷ್ಟ್ರೊಬ್ಬರು, ಈಗ ಇಲ್ಲ, "ಊರವರು ಹೇಳುವಂತೆ" ಎಂದು ರಾಣಿಯ ವಿಷಯ ಬರೆದಿದ್ದರು. ಊರವರನ್ನು ಕೇಳಿದರೆ ಅವರು "ಹೆಡ್ಮಾಷ್ಟ್ರು ಬರೆದಂತೆ" ಎಂದು ಹೇಳುತ್ತಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ಅದು ಕಾಲೇಜಿನಲ್ಲಿ ಪರೀಕ್ಷೆಯ ತಿಂಗಳು. ದಿನಾ ಉಡುಪಿಯ ಬನ್ನಂಜೆಯಿಂದ ನಿಂತುಕೊಂಡೇ ಬಸ್ಸಿನಲ್ಲಿ ಬಂದು ನೇರ ಸಭೆಗೆ ಹೋಗುತ್ತಿದ್ದೆ. ಅನುಮಾನಕ್ಕೂ ಸ್ವಲ್ಪ ನಿದ್ದೆ ಬೇಕಾಗುತ್ತದೆ.

ಹಿರಿಯರನ್ನು ಕರೆಸಿ ವಿಚಾರಿಸೋಣ ಎಂದರು ಅಧ್ಯಕ್ಷರು. ಪಿಡಿಒ ಒಂದು ಫಾರಂ ಮಾಡಿದರು: ಹೆಸರು, ವಯಸ್ಸು, ವಿದ್ಯಾರ್ಹತೆ, ಉದ್ಯೋಗ, ಮಾಹಿತಿ. ನಿವೃತ್ತ ಬ್ಯಾಂಕ್ ಮ್ಯಾನೇಜರರು ಬಂದು ಮುಂಬಯಿಯ ವಿಷಯ ಹೇಳಿದರು. ನಿವೃತ್ತ ಅಂಚೆ ಮಾಷ್ಟ್ರು ಬಂದು ಬ್ಯಾಂಕ್ ಮ್ಯಾನೇಜರರ ವಿಷಯ ಹೇಳಿದರು. ಕೊನೆಗೆ ಯಾರೂ ಕರೆಯದೆ ಅಜ್ಜ ಬಂದರು, ಕೋಲು ಊರಿಕೊಂಡು.

"ಆ ಹೊಂಡದ ವಿಷಯವಾ?" ಎಂದು ಕೇಳಿದರು.

"ಕೆರೆ, ಅಜ್ಜ," ಎಂದೆ.

"ವಿದ್ಯಾರ್ಹತೆ?" ಎಂದರು ಪಿಡಿಒ.

"ಶಾಲೆಗೆ ಹೋದವನಲ್ಲ."

"ಉದ್ಯೋಗ?"

"ಈಗ ಎಂತದೂ ಇಲ್ಲ. ಮೊದಲು ಕೂಲಿ."

ಪಿಡಿಒ ಪೆನ್ನು ಎತ್ತಿದವರು ಅಲ್ಲಿಗೇ ನಿಲ್ಲಿಸಿದರು. "ತಜ್ಞ ಹಿರಿಯರು ಅಂತ ತಲೆಬರಹ ಐತ್ರಿ," ಎಂದು ಅಧ್ಯಕ್ಷರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಅಧ್ಯಕ್ಷರು ಯಾರನ್ನೂ ಬರಿಗೈಯಲ್ಲಿ ಕಳಿಸುವವರಲ್ಲ. "ಅಜ್ಜ, ನೀವು ಚಹಾ ಕುಡಿದು ಹೋಗಿ," ಎಂದರು.

ಅಜ್ಜ ಚಹಾ ಕುಡಿದರು. ಹೋಗುವಾಗ ಬಾಗಿಲ ಬದಿಯ ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ತಲೆ ಸುತ್ತಿರಬೇಕು ಎಂದುಕೊಂಡೆ.

ಆಮೇಲೆ ಕಾಲನಿರ್ಣಯ. ಅಧ್ಯಕ್ಷರು ಆರುನೂರು ವರ್ಷ ಎಂದರು. ಸಂಚಿಕೆಯಲ್ಲಿ ಮುನ್ನೂರು ಎಂದಿತ್ತು. ಪಿಡಿಒ ಐನೂರು ಹಾಕೋಣ, ನೋಡೋಕೂ ಚಲೋ ಕಾಣ್ತದ ಎಂದರು. ಚರ್ಚೆ ಒಂದು ಗಂಟೆ ನಡೆಯಿತು. ನಮ್ಮ ಪಂಚಾಯತ್ ಆಫೀಸಿನ ಗೋಡೆಗಳಿಗೆ ಇಂದಿಗೂ ಸಾರಣೆ ಆಗಿಲ್ಲ, ಕೆಂಪುಕಲ್ಲು ಹಾಗೆಯೇ ಕಾಣುತ್ತದೆ. ಸಭೆ ಉದ್ದವಾದರೆ ನಾನು ಎದುರಿನ ಗೋಡೆಯ ಕಲ್ಲಿನ ಸಾಲು ಎಣಿಸುತ್ತೇನೆ. ಹದಿನೈದು. ಆ ಸಂಜೆ ನಾಲ್ಕು ಸಲ ಎಣಿಸಿದೆ. ನಾಲ್ಕು ಸಲವೂ ಹದಿನೈದೇ.

ಐದೂವರೆಗೆ ಐದು ನಿಮಿಷ ಇರುವಾಗ ಹಾಜಿಯವರು ಎದ್ದು ನಿಂತರು. "ನಾನೂರು ಮಾಡಿ, ಮುಗಿಸಿ."

"ಆಧಾರ?" ಎಂದೆ ನಾನು.

"ಟೀಚರೇ, ಅಂಗಡಿಯಲ್ಲಿ ಒಬ್ಬ ಆರು ಅಂದ, ಇನ್ನೊಬ್ಬ ಮೂರು ಅಂದ ಅಂದರೆ ನಾಲ್ಕಕ್ಕೆ ಮುಗೀತದೆ. ಜಾಸ್ತಿ ಎಳೆದರೆ ಇಬ್ಬರೂ ಹೋಗ್ತಾರೆ."

ಸರ್ವಾನುಮತದಿಂದ ಪಾಸಾಯಿತು. ಈ ಬರಹದ ಮೊದಲ ಸಾಲಿನಲ್ಲಿರುವ ನಾನೂರು ಬಂದದ್ದು ಹೀಗೆ. ಬೋರ್ಡಿನ ವಾಕ್ಯಗಳನ್ನು ಬರೆದವಳು ನಾನೇ. ಅದರಲ್ಲಿ ತಪ್ಪು ಒಂದೂ ಇರಲಿಲ್ಲ, ಕಾಗುಣಿತದ ಮಟ್ಟಿಗೆ.

ಬೇಲಿ

ಬೋರ್ಡು ಹಾಕಿದ ಮೇಲೆ ಅದನ್ನು ಕಾಯಬೇಕಾಯಿತು. ಕೆರೆಯಲ್ಲಿ ಬಟ್ಟೆ ಒಗೆಯಬಾರದು, ಮೀಯಬಾರದು, ಪಂಪು ಇಡಬಾರದು ಎಂದು ನಿರ್ಣಯ. ಸುತ್ತ ಕಬ್ಬಿಣದ ಬೇಲಿ, ಒಂದು ಗೇಟು, ಗೇಟಿಗೆ ಬೀಗ.

ಪಂಪಿನ ಮಾತು ಬಂದಾಗ ನಾನು ವಿರೋಧಿಸಿದೆ. ಮಲ್ಲಿಗೆ ಅಕ್ಕನ ಗಿಡಗಳ ವಿಷಯ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ವಿರೋಧವನ್ನು ದಾಖಲಿಸಿ ಎಂದೂ ಹೇಳಿದೆ. ನಡಾವಳಿ ಪುಸ್ತಕ ಬಂದಾಗ ನೋಡಿದರೆ, "ತಜ್ಞರು ಉಪಯುಕ್ತ ಸಲಹೆ ನೀಡಿದರು" ಎಂದಿತ್ತು.

ಬೇಲಿ ಒಂದು ತಿಂಗಳಲ್ಲಿ ಎದ್ದಿತು. ಬೀಗವೂ ಬಿತ್ತು. ಕೀಲಿಕೈ ಪಂಚಾಯತ್ ಆಫೀಸಿನಲ್ಲಿ. ಮರುವಾರ ನಾನು ಬಸ್ಸಿನಿಂದ ಇಳಿದು ಬರುವಾಗ ನೋಡುತ್ತೇನೆ, ಬೀಗ ಹಾಕಿದ ಗೇಟಿನ ಒಳಗೆ ಮೂರು ಆಡುಗಳು, ಎರಡು ನಾಯಿಗಳು, ಮತ್ತು ಪಾತ್ರೆ ತೊಳೆಯುತ್ತಿರುವ ಮಲ್ಲಿಗೆ ಅಕ್ಕ.

"ಹೇಗೆ ಒಳಗೆ ಹೋದಿರಿ ಅಕ್ಕ?"

"ನಾನು ಹೊರಗೆ ಹೋಗಿದ್ದರಲ್ಲವಾ ಒಳಗೆ ಬರುವುದು? ನಮ್ಮ ಬದಿಯಲ್ಲಿ ಬೇಲಿಯೇ ಇಲ್ಲ."

ನಿಜ. ಮೂರು ಬದಿಗೆ ಮಾತ್ರ ಬೇಲಿ ಇತ್ತು. ಎಸ್ಟಿಮೇಟ್ ಮಾಡಿದ ಎಂಜಿನಿಯರರು ಜೀಪಿನಿಂದ ಇಳಿದಿರಲಿಲ್ಲ. ರಸ್ತೆಯಿಂದ ಎಷ್ಟು ಕಾಣುತ್ತದೋ ಅಷ್ಟು ಬರೆದುಕೊಂಡು ಹೋಗಿದ್ದರು. ಕೆರೆಗೆ ನಾಲ್ಕನೇ ಬದಿ ಉಂಟು ಎನ್ನುವುದು ಮಣಿಪಾಲದ ಹುಡುಗರ ವರದಿಯಲ್ಲಿ ಚಿತ್ರ ಸಮೇತ ಇತ್ತು. ವರದಿ ಪಂಚಾಯತಿನ ಕಪಾಟಿನಲ್ಲಿತ್ತು. ಕಪಾಟಿನ ಎದುರು ಫೋಟೋಕಾಪಿ ಮೆಷಿನ್ ಇಟ್ಟಿದ್ದರಿಂದ ಬಾಗಿಲು ತೆರೆಯುತ್ತಿರಲಿಲ್ಲ.

ಈ ಲೋಪವನ್ನು ಸರಿಪಡಿಸಲು ಇನ್ನೊಂದು ಸಭೆ. ನಾಲ್ಕನೇ ಬದಿಗೂ ಬೇಲಿ, ಅಂಚಿನಿಂದ ಹತ್ತಡಿ ಬಿಟ್ಟು. ಆ ಹತ್ತಡಿ ಬರುವುದು ಅಕ್ಕನ ಹಿತ್ತಿಲಿನಲ್ಲಿ. ಅದರೊಳಗಿನ ಹದಿನಾಲ್ಕು ಗಿಡ ಕೀಳಬೇಕು. ಉಳಿದ ಇಪ್ಪತ್ತಾರು ಗಿಡಗಳು ಬೇಲಿಯ ಹೊರಗೆ ಒಣಗಬಹುದು, ಅದಕ್ಕೆ ಸಮಿತಿಯ ಅಭ್ಯಂತರ ಇರಲಿಲ್ಲ.

ನಿರ್ಣಯವನ್ನು ಅಕ್ಕನಿಗೆ ತಿಳಿಸುವ ಕೆಲಸ ನನಗೆ ಬಂತು. ನಾನು ಮಹಿಳೆ, ತಜ್ಞೆ, ಸಾರ್ವಜನಿಕಳು. ಅಕ್ಕ ಪೂರ್ತಿ ಕೇಳಿದರು. ಕೈಯಲ್ಲಿದ್ದ ಬಾಳೆನಾರು ನಿಲ್ಲಲಿಲ್ಲ.

"ನಿಮ್ಮ ರಾಣಿ ಮೀಯಲಿಕ್ಕೆ ಬರುವುದು ಎಷ್ಟು ಗಂಟೆಗೆ ಟೀಚರೇ?" ಎಂದು ಕೇಳಿದರು. "ಅವಳು ಮಿಂದು ಹೋದ ಮೇಲೆ ನಾನು ನೀರು ಬಿಡ್ತೇನೆ. ನನಗೇನು ಅವಸರ ಇಲ್ಲ."

ಕಲ್ಲು ಎಲ್ಲಿಗೆ ಹೋಯಿತು

ಕೆರೆಯನ್ನು ಸಂರಕ್ಷಿತ ಸ್ಮಾರಕ ಎಂದು ಘೋಷಿಸಬೇಕೆಂದು ಪಂಚಾಯತ್ ಬರೆದ ಅರ್ಜಿಗೆ ಉತ್ತರ ಬಂತು. ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರು ಬಂದು ಪರಿಶೀಲಿಸುತ್ತಾರೆ. ಅವರು ಒಪ್ಪಿದರೆ ನಾಲ್ಕನೇ ಬದಿಯ ಬೇಲಿಗೆ ಅಂದೇ ಗುಂಡಿ ತೋಡುವುದು ಎಂದು ಅಧ್ಯಕ್ಷರು ತೀರ್ಮಾನಿಸಿದರು. ಅವರು ಬೇಗ ಮುಗಿಸಬೇಕೆಂದು ಹೊರಟ ಕೆಲಸ ಅದೊಂದೇ.

ಆ ದಿನ ಬೆಳಿಗ್ಗೆ ಪಿಡಿಒ ಸುಣ್ಣದ ಪುಡಿಯಿಂದ ಅಕ್ಕನ ಹಿತ್ತಿಲಿನಲ್ಲಿ ಗೆರೆ ಎಳೆದರು. ಗೆರೆ ನೆಟ್ಟಗೆ ಬಂದಿತ್ತು. ಹದಿನಾಲ್ಕು ಗಿಡ ಈಚೆ, ಇಪ್ಪತ್ತಾರು ಆಚೆ. ಗುಂಡಿ ತೋಡುವ ಇಬ್ಬರು ಆಳುಗಳು ಹಾರೆ ಹಿಡಿದು ನೆರಳಿನಲ್ಲಿ ಕುಳಿತರು. ಅಕ್ಕ ಅಂದು ಹೂವನ್ನು ಬೇಗ ಕಳಿಸಿ ಬಂದು ಗೆರೆಯ ಮೇಲೆಯೇ ನಿಂತಿದ್ದರು. ಹೋಗಿ ಅವರ ಪಕ್ಕದಲ್ಲಿ ನಿಂತೆ. ಅದರಿಂದ ಯಾರಿಗೂ ಏನೂ ಆಗುವುದಿರಲಿಲ್ಲ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಕೊಡೆ ಹಿಡಿದು ಬಂದರು. ಹೂಗುಚ್ಛ ತೆಗೆದುಕೊಂಡು ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಾಜಿಯವರ ಕೈಗೆ ಕೊಟ್ಟರು. ಹಾಜಿಯವರು ಅದನ್ನು ಹಿಡಿದುಕೊಂಡು ಕೊನೆಯವರೆಗೂ ನಿಂತಿದ್ದರು. ಅಧ್ಯಕ್ಷರು ನಾನು ಬರೆದ ಬೋರ್ಡನ್ನು ಜೋರಾಗಿ ಓದಿ ಹೇಳಿದರು. ಅಧಿಕಾರಿ ಪೂರ್ತಿ ಕೇಳಲಿಲ್ಲ. ಮೆಟ್ಟಿಲಿಳಿದು ಹೋಗಿ ಒಂದು ಮೂಲೆಯಲ್ಲಿ ಕುಳಿತು ಕಲ್ಲನ್ನು ಕೈಯಿಂದ ಉಜ್ಜಿ ನೋಡಿದರು. ಟೇಪು ಹಿಡಿದು ಎತ್ತರ ನೋಡಿದರು. ಉದ್ದ ನೋಡಿದರು. ಮತ್ತೊಂದು ಮೂಲೆಗೆ ಹೋಗಿ ಅದನ್ನೇ ಮಾಡಿದರು. ಮೇಲೆ ಬಂದು ಬೆವರು ಒರೆಸಿಕೊಂಡರು.

"ಇದರಲ್ಲಿ ಕಟ್ಟಿದ ಕಲ್ಲು ಒಂದೂ ಇಲ್ಲ ಸರ್. ಎಲ್ಲ ನೆಲದಿಂದಲೇ ಕಡಿದು ತೆಗೆದದ್ದು. ಇಲ್ಲಿಂದ ಸಾವಿರಾರು ಕಲ್ಲು ಹೊರಗೆ ಹೋಗಿದೆ. ಎಲ್ಲಿಗೆ ಹೋಯಿತು?"

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಹಾಜಿಯವರನ್ನು ನೋಡಿದೆ. ಹಾಜಿಯವರು ಹೂಗುಚ್ಛವನ್ನು ನೋಡಿದರು.

"ಬಸದಿಗೆ ಹೋಗಿರಬಹುದು," ಎಂದರು ಅಧ್ಯಕ್ಷರು.

"ಅರಮನಿಗೆ ಹೋಗಿರ್ತದ್ರಿ," ಎಂದರು ಪಿಡಿಒ.

"ಯಾವ ಅರಮನೆ?"

ಪಿಡಿಒ ಸುತ್ತಲೂ ಒಮ್ಮೆ ನೋಡಿದರು.

ಜಗಲಿಯಿಂದ ಅಜ್ಜ ಎದ್ದು ಬರುತ್ತಿದ್ದರು. ಕೋಲು ಊರಿಕೊಂಡು, ಮಲ್ಲಿಗೆ ಗಿಡಗಳ ನಡುವೆ ದಾರಿ ಮಾಡಿಕೊಂಡು, ಸುಣ್ಣದ ಗೆರೆ ದಾಟಿ ಬಂದು ನಿಂತರು.

"ಕಲ್ಲಿನ ವಿಷಯವಾ?" ಎಂದರು.

ಅಧ್ಯಕ್ಷರು ಚಹಾದ ಕಡೆ ಕೈ ತೋರಿಸುವಷ್ಟರಲ್ಲಿ ಅಧಿಕಾರಿ ಕೇಳಿದರು. "ನಿಮಗೆ ಗೊತ್ತುಂಟಾ ಅಜ್ಜ?"

"ಗೊತ್ತಿಲ್ಲದೆ ಎಂತ? ನಾನೇ ಕಡಿದದ್ದಲ್ವಾ. ನಾನು, ನನ್ನ ಅಣ್ಣ, ಮತ್ತೆ ನಾಲ್ಕು ಜನ. ಮೂರು ಬೇಸಿಗೆ ಕಡಿದೆವು. ಮಳೆಗಾಲ ಬಂದಾಗ ನೀರು ನಿಂತಿತು, ಹಾಗೇ ಬಿಟ್ಟೆವು. ಈಗ ನಾನೊಬ್ಬನೇ ಉಳಿದದ್ದು."

ಅಜ್ಜ ನನ್ನ ಕಡೆ ತಿರುಗಿದರು. "ಮಕ್ಕಳು ಅಂದು ಒಂಬತ್ತು ಇಂಚು ಒಂಬತ್ತು ಇಂಚು ಅಂತ ಕುಣಿದರಲ್ಲ. ಕಲ್ಲಿನ ಅಳತೆ ಅದೇ ಅಲ್ವಾ ಟೀಚರೇ? ಒಂದು ಸಾಲು ತೆಗೆದರೆ ಒಂಬತ್ತು ಇಂಚು ಕೆಳಗೆ ಹೋಗ್ತದೆ."

ಅಧ್ಯಕ್ಷರು ಮುಂದೆ ಬಂದರು. "ಮತ್ತೆ ಎರಡು ವರ್ಷದಿಂದ ಯಾಕೆ ಹೇಳಲಿಲ್ಲ ಅಜ್ಜ?"

"ಹೇಳಲಿಕ್ಕೆ ಬಂದಿದ್ದೆ. ನೀವು ಚಹಾ ಕೊಟ್ಟಿರಿ." ಅಜ್ಜ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಮತ್ತೆ ನೀವು ಪಂಚಾಯತಿನವರು. ಗೊತ್ತಿದ್ದೇ ಮಾಡ್ತೀರಿ ಅಂದುಕೊಂಡೆ. ಗ್ರಾಂಟು ಬರ್ಲಿಕ್ಕೆ ರಾಣಿ ಬೇಕಾಗ್ತದೋ ಎಂತದೋ ಅಂತ ಸುಮ್ಮನಿದ್ದೆ. ಆದರೆ ಗಿಡ ಕೀಳ್ಲಿಕ್ಕೆ ಬಂದರೆ ಹೇಗೆ ಸುಮ್ಮನಿರುವುದು?"

ಮಲ್ಲಿಗೆ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಪಿಡಿಒ ಯಾರೂ ನೋಡುತ್ತಿಲ್ಲ ಎಂದುಕೊಂಡು ಬೂಟಿನ ತುದಿಯಿಂದ ಸುಣ್ಣದ ಗೆರೆಯನ್ನು ಮೆಲ್ಲಗೆ ಉಜ್ಜುತ್ತಿದ್ದರು. ಆಳುಗಳು ಹಾರೆ ಎತ್ತಿಕೊಂಡು ಹೊರಟರು.

ಅಧಿಕಾರಿ ಮಾತ್ರ ಪೆನ್ನು ಹಿಡಿದು ನಿಂತೇ ಇದ್ದರು. ಫಾರಂನಲ್ಲಿ ಒಂದು ಖಾನೆ ಉಳಿದಿತ್ತು. "ಕಲ್ಲು ಎಲ್ಲಿಗೆ ಹೋಯಿತು ಅಂತ ಹೇಳಲಿಲ್ಲ ನೀವು."

ಅಜ್ಜ ಕೋಲು ಎತ್ತಿ ರಸ್ತೆಯಾಚೆ ತೋರಿಸಿದರು.

"ಅಗೋ, ಪಂಚಾಯತ್ ಆಫೀಸು. ನಾಲ್ಕು ಗೋಡೆಗೂ ಇಲ್ಲಿಯದೇ ಕಲ್ಲು."